ಒಂದು ಗೇಣಿನ ದೂರ

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಟೀಚರ್. ಹದ್ದಿನ ಕಣ್ಣು ನಿಮ್ಮದು," ಎಂದ ಕನ್ನಡಕದ ಅಂಗಡಿಯವನು, ಒಂದೇ ತಿಂಗಳಲ್ಲಿ ಮೂರನೆಯ ಸಲ.

ಅವಳು ಗೋಡೆಯ ಮೇಲಿನ ಅಕ್ಷರಗಳ ಹಲಗೆಯನ್ನೇ ನೋಡುತ್ತ ಕೂತಿದ್ದಳು. ಇರುವೆಸಾಲಿನಂಥ ಕೊನೆಯ ಸಾಲನ್ನೂ ಪಟಪಟನೆ ಓದಿ ಮುಗಿಸಿದ್ದಳು.

"ಇನ್ನೊಂದ್ಸಲ ನೋಡಿ."

ಅವನು ತನ್ನ ದಪ್ಪ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಕೊಂಡ. ಅವನ ಕಿವಿಯ ತುದಿಗಳು ಕೆಂಪಾಗಿದ್ದವು. ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡು, "ಒಂದ್ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ನೀವು ಕಣ್ಣು ತೋರಿಸೋಕೇ ಬರ್ತಿದೀರಾ? ಅಲ್ಲ... ಬೇರೆ ಏನಾದ್ರೂ ಕಾರಣ ಇದ್ರೆ, ಅದನ್ನ ಕಾಫಿ ಕುಡೀತಾನೂ ಮಾತಾಡಬಹುದಲ್ವಾ ಅಂತ," ಎಂದ.

ಬೇರೆ ದಿನಗಳಲ್ಲಾಗಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಅಳು ಒತ್ತರಿಸಿ ಬಂತು.

"ನೀವು ಗಾಜಿನ ಆಚೆ ಇದೀರ," ಎಂದಳು. "ನೀವಷ್ಟೇ ಅಲ್ಲ, ಎಲ್ಲರೂ. ನಮ್ಮಮ್ಮನೂ. ರಸ್ತೆ ನೋಡಿದ್ರೆ ಯಾರೋ ಬರೆದು ನಿಲ್ಲಿಸಿದ ಹಾಗಿದೆ. ಸ್ಪಷ್ಟವಾಗೇ ಕಾಣುತ್ತೆ, ಆದ್ರೆ ನಿಜ ಅನ್ಸಲ್ಲ. ಇದು ಕಣ್ಣಿಂದೇ ತೊಂದರೆ ಅಲ್ವಾ? ಕಣ್ಣಿಂದೇ ಅಂತ ಹೇಳಿ."

ಕಣ್ಣಿನದಲ್ಲದಿದ್ದರೆ ಮತ್ತೆ ಯಾವುದರದು? ಆ ಪ್ರಶ್ನೆಯ ಹತ್ತಿರ ಹೋಗಲಿಕ್ಕೂ ಅವಳಿಗೆ ಹೆದರಿಕೆಯಾಗಿತ್ತು.

ಅವನು ಗಾಬರಿಬಿದ್ದ. ನೀರು ಕೊಟ್ಟ. ಕನ್ನಡಕ ಒರೆಸುವ ಬಟ್ಟೆಯನ್ನೇ ಕಣ್ಣೊರೆಸಿಕೊಳ್ಳಲು ಕೊಟ್ಟ. ಆಮೇಲೆ ಬೆನ್ನು ತಿರುಗಿಸಿ ಡ್ರಾಯರ್ ತಡಕಾಡುತ್ತ, "ಚೂರು... ಚೂರೇ ಚೂರು ಪವರ್ ಇರೋ ಹಾಗಿದೆ. ಒಂದು ಕನ್ನಡಕ ಮಾಡಿಕೊಡ್ತೀನಿ, ಆಯ್ತಾ?" ಎಂದ.

ಅವಳು ಉಸಿರುಬಿಟ್ಟಳು. ಎರಡು ತಿಂಗಳಿಂದ ಕಟ್ಟಿಹಿಡಿದ ಉಸಿರು ಅದು.

ಎರಡು ತಿಂಗಳ ಹಿಂದೆ ಅವಳು ಡ್ರೈವಿಂಗ್ ಸ್ಕೂಲಿನ ಟೀಚರ್. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು, ಹೆದರುಪುಕ್ಕಲರನ್ನೆಲ್ಲ ರಸ್ತೆಗೆ ಇಳಿಸಿದವಳು. ಗೆಳತಿಯ ಹುಟ್ಟಿದಹಬ್ಬದಂದು ಯಾರೋ ಗಾಂಜಾ ತುಂಬಿದ ಸಿಗರೇಟು ಚಾಚಿದರು. ಏನಾಗುತ್ತೆ ನೋಡೋಣ ಅಂತ ಎರಡು ದಮ್ಮು ಎಳೆದಳು, ಮೂರನೆಯದು ಜಂಬಕ್ಕೆ. ಹತ್ತೇ ನಿಮಿಷದಲ್ಲಿ ಎದೆ ಡವಡವ. ಕೈ ನೋಡಿಕೊಂಡರೆ ಯಾರದೋ ಕೈ. ಸತ್ತೇ ಹೋಗುತ್ತೇನೆ ಅನ್ನಿಸಿತು. ಸಾಯಲಿಲ್ಲ. ಬೆಳಗಾದಾಗ ಅಮಲು ಇಳಿದಿತ್ತು, ಗಾಜು ಉಳಿದಿತ್ತು.

ಅಮ್ಮನಿಗೆ ಹೇಳಿದಾಗ ಅಮ್ಮ, "ಬೈಯೋದು ತುಂಬಾ ಇದೆ, ಎತ್ತಿಟ್ಟಿರ್ತೀನಿ. ಮೊದಲು ಬಾ, ಮಲ್ಕೋ," ಎಂದು ತಲೆಯನ್ನು ತೊಡೆಯ ಮೇಲೆಳೆದುಕೊಂಡಿದ್ದಳು. ಆ ಬೆರಳುಗಳೂ ಎಲ್ಲೋ ದೂರದಿಂದ ಬಂದಂತಿದ್ದವು.

ಮಾರನೆಯ ದಿನದಿಂದ ಅವಳು ಕಾರು ಹತ್ತಲಿಲ್ಲ. ರಸ್ತೆಯೇ ನಿಜವಲ್ಲ ಅನ್ನಿಸುವವಳು ಇನ್ನೊಬ್ಬರಿಗೆ ಏನು ಕಲಿಸಿಯಾಳು?

*

ಹೊಸ ಕನ್ನಡಕಕ್ಕೆ ತೆಳುವಾದ ಕಂದು ಚೌಕಟ್ಟು. ಅವನು ಅದನ್ನು ಅವಳ ಕಿವಿಗೆ ಸರಿಹೊಂದಿಸಿದ. ಕೂದಲೆಳೆ ಸಿಕ್ಕಿಕೊಂಡಿತು, ಅವನೇ ಬಿಡಿಸಿದ. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು. ಅವನು ತಟಕ್ಕನೆ ಸ್ಕ್ರೂಡ್ರೈವರ್ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

"ವಾರಕ್ಕೊಂದ್ಸಲ ಬಂದು ಹೇಗಿದೆ ಅಂತ ಹೇಳಿ," ಎಂದ.

"ಕಾಫಿ ಕುಡೀತಾನಾ?"

ಅವನ ಕಿವಿ ಮತ್ತೆ ಕೆಂಪಾಯಿತು. ಅವತ್ತೇ ಅವಳು ಅವನಿಗೆ ಸೋಡಾಬುಡ್ಡಿ ಅಂತ ಹೆಸರಿಟ್ಟಳು. ಮೊದಲು ಮನಸ್ಸಿನಲ್ಲಿ, ಎರಡನೆಯ ವಾರ ಬಾಯಿಬಿಟ್ಟು.

ಗಾಂಜಾದ ವಿಷಯ ಹೇಳಿದ್ದೂ ಎರಡನೆಯ ವಾರವೇ. ಅವನು ಮುಖ ಸಿಂಡರಿಸಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಡಾಕ್ಟರ ಹತ್ರ ಹೋಗಿ ಟೀಚರ್. ನಾನೂ ಬರ್ತೀನಿ, ಹೊರಗಡೆ ಕೂತಿರ್ತೀನಿ," ಎಂದಷ್ಟೇ ಹೇಳಿದ.

ಡಾಕ್ಟರಮ್ಮ ನಿಧಾನವಾಗಿ ಕೇಳಿಸಿಕೊಂಡರು. ಇದಕ್ಕೆ ಡೀರಿಯಲೈಸೇಶನ್ ಅಂತ ಹೆಸರಿದೆ ಎಂದರು. "ಹುಚ್ಚಲ್ಲ. ನಿಮ್ಮ ಮನಸ್ಸು ತುಂಬ ಹೆದರಿ ಬಾಗಿಲು ಹಾಕ್ಕೊಂಡಿದೆ. ತೆಗೀತಾ? ತೆಗೀತಾ? ಅಂತ ಗಳಿಗೆಗೊಂದ್ಸಲ ಬಡೀಬೇಡಿ. ಬಡಿದಷ್ಟೂ ಹೆದರುತ್ತೆ. ಊಟ, ನಿದ್ದೆ, ಕೆಲಸ ನೋಡ್ಕೊಳ್ಳಿ. ಗಾಂಜಾ ಕಡೆ ತಲೆ ಹಾಕಿಯೂ ಮಲಗಬೇಡಿ. ಸದ್ಯಕ್ಕೆ ಕಾಫಿಯೂ ಬೇಡ."

ಹೊರಬಂದು ಸೋಡಾಬುಡ್ಡಿಗೆ ವರದಿ ಒಪ್ಪಿಸಿದಳು. "ಕಾಫಿ ಬೇಡವಂತೆ."

"ಅಯ್ಯೋ, ನನ್ನ ಪ್ಲಾನೇ ಕೆಟ್ಟುಹೋಯ್ತಲ್ಲ," ಎಂದವನು ಎದುರಿನ ಹೋಟೆಲಿನಲ್ಲಿ ಎರಡು ಲೋಟ ಹಾಲು ಹೇಳಿದ. ಇಬ್ಬರು ಬೆಳೆದು ನಿಂತವರು ಮಕ್ಕಳ ಹಾಗೆ ಹಾಲು ಕುಡಿದರು. ಅವನ ಮೀಸೆಗೆ ಕೆನೆ ಅಂಟಿತು. ಹೇಳಬೇಕೋ ಬೇಡವೋ ಎಂದು ಅವಳು ಯೋಚಿಸುವಷ್ಟರಲ್ಲಿ ಅವನು, "ಗೊತ್ತಾಗ್ತಿದೆ. ನೀವು ನಗ್ತೀರೇನೋ ಅಂತ ಬಿಟ್ಟಿದೀನಿ," ಎಂದ. ಅವಳಿಗೆ ನಗು ಉಕ್ಕಿತು.

ಇನ್ನೊಂದು ದಿನ ಅವಳು ಕೇಳಿದಳು, "ನಿಮ್ಮ ಪವರ್ ಎಷ್ಟು?"

"ಮೈನಸ್ ಐದು. ಕನ್ನಡಕ ತೆಗೆದ್ರೆ ಒಂದು ಗೇಣು ದೂರದವರೆಗೆ ಕಾಣುತ್ತೆ, ಆಮೇಲೆ ಎಲ್ಲಾ ಕಲಸಿದ ಹಿಟ್ಟು. ದಿನಾ ಬೆಳಿಗ್ಗೆ ಎದ್ದಾಗ ಕಿಟಕಿ ಇಲ್ಲ, ಗೋಡೆ ಇಲ್ಲ."

"ಹೆದರಿಕೆ ಆಗಲ್ವಾ?"

"ಯಾಕೆ? ಕಾಣ್ದೇ ಇದ್ರೂ ನಮ್ಮನೇನೇ ಅಲ್ವಾ ಅದು?"

ಆ ಮಾತನ್ನು ಅವಳು ಮನೆಗೆ ಒಯ್ದು ದಿಂಬಿನ ಕೆಳಗಿಟ್ಟುಕೊಂಡವಳಂತೆ ಕಾಪಾಡಿದಳು.

ನಾಲ್ಕನೆಯ ವಾರ ಅವಳು ಮತ್ತೆ ಕಾರು ಹತ್ತಿದಳು. ರಸ್ತೆಗಲ್ಲ, ಹಳೆ ಟೈರುಗಳನ್ನು ಸಾಲಾಗಿಟ್ಟ ಖಾಲಿ ಮೈದಾನಕ್ಕೆ. ಶಿಷ್ಯೆ ಒಬ್ಬಳೇ, ಅರವತ್ತು ದಾಟಿದ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಗಾಜು ಅಲ್ಲಲ್ಲಿ ತೆಳುವಾಗುತ್ತಿತ್ತು. ಕೆಲವು ಸಂಜೆ ಅಮ್ಮನ ದನಿ ನೇರವಾಗಿ ಕಿವಿಗೇ ಬರುತ್ತಿತ್ತು. ಹಾಗಾದಾಗಲೆಲ್ಲ ಅವಳು ಮೂಗಿನ ಮೇಲಿನ ಕಂದು ಚೌಕಟ್ಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಸ್ನಾನಕ್ಕೆ ಹೋದಾಗ ಬಾಗಿಲಾಚೆ ಅದನ್ನು ಹಿಡಿದು ಅಮ್ಮ ನಿಲ್ಲಬೇಕಾಗಿತ್ತು.

*

ಐದನೆಯ ವಾರ ಅವಳು ಹೊಸ ಉಡುಪು ಹಾಕಿಕೊಂಡು ಅಂಗಡಿಗೆ ಹೋದಳು.

"ಸೋಡಾಬುಡ್ಡಿ, ನೀವು ಏನೋ ಕೇಳ್ಬೇಕು ಕೇಳ್ಬೇಕು ಅಂತ ಎರಡು ವಾರದಿಂದ ಬಾಯಿ ತೆಗೀತೀರ, ಮುಚ್ತೀರ. ಇವತ್ತು ಕೇಳಿಬಿಡಿ. ಉತ್ತರ ತಂದಿದೀನಿ."

ಅವನ ಮುಖ ಅರಳಿತು. ಮರುಕ್ಷಣವೇ ಬಾಡಿತು.

"ಈ ಕನ್ನಡಕ ನನ್ನ ಪ್ರಾಣ ಉಳಿಸ್ತು," ಎಂದಳು ಅವಳು. "ಸಾಯೋವರೆಗೂ ತೆಗೆಯಲ್ಲ."

ಅವನು ಕುರ್ಚಿಯಿಂದ ಎದ್ದು ನಿಂತ. ಆಮೇಲೆ ಕೈ ಚಾಚಿದ. "ಕೊಡಿ ಅದನ್ನ. ಉತ್ತರ ಹೇಳೋಕೆ ಮುಂಚೆ ನೀವು ಇದನ್ನೊಂದು ನೋಡಬೇಕು."

ಕನ್ನಡಕವನ್ನು ಪವರ್ ಅಳೆಯುವ ಯಂತ್ರದ ಕೆಳಗಿಟ್ಟ. ಪುಟ್ಟ ಪರದೆಯ ಮೇಲೆ ಅಂಕಿ ಮೂಡಿತು. ಸೊನ್ನೆ. ಇನ್ನೊಂದು ಕಣ್ಣಿನದು. ಅದೂ ಸೊನ್ನೆ.

"ಬರೀ ಗಾಜು," ಎಂದ. "ಅವತ್ತು ನೀವು ಅತ್ತಿದ್ದು ನೋಡೋಕಾಗಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ... ನೀವು ಬರೋದು ನಿಂತುಹೋಗುತ್ತೇನೋ ಅಂತಾನೂ ಇತ್ತು. ತಪ್ಪಾಯ್ತು ಟೀಚರ್. ಆದ್ರೆ ನೀವು ಸ್ನಾನಕ್ಕೆ ಹೋದಾಗ್ಲೂ ಅಮ್ಮ ಇದನ್ನ ಹಿಡ್ಕೊಂಡು ನಿಲ್ಬೇಕು ಅಂದ್ರಲ್ಲ, ಅವತ್ತಿಂದ ನನಗೆ ನಿದ್ದೆ ಇಲ್ಲ."

ಗೋಡೆಯ ಅಕ್ಷರಗಳು, ಸಾಲುಸಾಲು ಚೌಕಟ್ಟುಗಳು, ಅವನ ಮುಖ, ಎಲ್ಲವೂ ಸರಸರನೆ ಹಿಂದೆ ಸರಿದು ಗಾಜಿನಾಚೆ ನಿಂತವು.

"ಯಾವುದು ನಿಜ, ಯಾವುದು ಅಲ್ಲ ಅಂತ ಗೊತ್ತಾಗದೆ ನಾನು ಸಾಯ್ತಿದ್ದೆ. ನೀವೂ ನನಗೆ ಸುಳ್ಳೇ ತೋರಿಸಿದ್ರಾ?"

ಅವಳು ಕನ್ನಡಕವನ್ನು ಅಲ್ಲೇ ಬಿಟ್ಟು ಹೊರನಡೆದಳು.

ಮನೆಗೆ ಹತ್ತು ನಿಮಿಷದ ದಾರಿ. ಅವತ್ತು ಒಂದು ಗಂಟೆ ಹಿಡಿಯಿತು. ಎರಡು ಸಲ ಗೋಡೆ ಹಿಡಿದು ನಿಂತಳು.

*

ನಾಲ್ಕು ದಿನ ಅವಳು ಕೋಣೆ ಬಿಟ್ಟು ಹೊರಬರಲಿಲ್ಲ. ಅಮ್ಮ ಒಗೆದ ಬಟ್ಟೆಗಳನ್ನು ತಂದು ಮಂಚದ ಮೇಲೆ ಸುರಿದು, "ಮಡಿಸ್ತಾ ಇರು, ಒಲೆ ಮೇಲೆ ಹಾಲಿದೆ," ಎಂದು ಹೋಗಿಬಿಡುತ್ತಿದ್ದಳು. ಅವಳು ಮಡಿಸಿದಳು. ತೋಳಿಗೆ ತೋಳು, ಅಂಚಿಗೆ ಅಂಚು. ಅಂಗಡಿಯವನ ಮೇಲೆ ಸಿಟ್ಟು, ಸಿಟ್ಟಿನ ತಳದಲ್ಲಿ ನೆನಪು.

ಐದನೆಯ ದಿನ ಹೆಡ್‌ಮಿಸ್ಟ್ರೆಸ್ಸು ಮನೆಗೇ ಬಂದರು, ಕೈಯಲ್ಲಿ ಛತ್ರಿ ಹಿಡಿದು.

"ಏಳಮ್ಮ. ಸೋಮವಾರ ನನ್ನ ಟೆಸ್ಟು. ಆ ಇನ್ನೊಬ್ಬ ಮೇಷ್ಟ್ರು ನನ್ನ ಮೇಲೆ ಕಿರುಚ್ತಾನೆ. ಮೂವತ್ತೈದು ವರ್ಷ ನಾನು ಕಿರುಚಿದವಳು, ಈಗ ಕಿರುಚಿಸ್ಕೊಳ್ಳೋಕೆ ಆಗಲ್ಲ."

"ನನಗೆ ಹುಷಾರಿಲ್ಲ ಮಿಸ್."

"ರಸ್ತೆಗೆ ಬೇಡ. ಮೈದಾನದಲ್ಲೇ ಸುತ್ತೋಣ. ನೀನು ಸುಮ್ನೆ ಕೂತಿದ್ರೂ ಸಾಕು."

ಅಮ್ಮ ಆಗಲೇ ಚಪ್ಪಲಿ ತಂದು ಕಾಲ ಬಳಿ ಇಟ್ಟಿದ್ದಳು.

ಮೈದಾನವೆಲ್ಲ ಚಿತ್ರದಂತಿತ್ತು. ಮೂಗಿನ ಮೇಲೆ ಏನೂ ಇಲ್ಲ, ಬೆತ್ತಲೆ ಅನ್ನಿಸುತ್ತಿತ್ತು. ಕಾರು ಆಮೆಯ ಹಾಗೆ ಹೊರಟಿತು. ಒಂದು ಸುತ್ತು, ಎರಡು ಸುತ್ತು. ಮೂರನೆಯದರಲ್ಲಿ ಹೆಡ್‌ಮಿಸ್ಟ್ರೆಸ್ಸಿಗೆ ಹುರುಪು ಬಂತು. ಟೈರುಗಳ ಮರೆಯಿಂದ ಬಿಳಿ ಬೆಕ್ಕೊಂದು ಚಂಗನೆ ಹಾರಿತು.

ಕಾರು ಗಕ್ಕನೆ ನಿಂತಿತು. ಬೆಕ್ಕು ಒಮ್ಮೆ ತಿರುಗಿ ನೋಡಿ, ತನಗೇನೂ ಸಂಬಂಧವಿಲ್ಲದಂತೆ ಹೊರಟುಹೋಯಿತು.

"ನಾನು ಬ್ರೇಕ್ ಹಾಕೇ ಇಲ್ವಲ್ಲ!" ಎಂದರು ಹೆಡ್‌ಮಿಸ್ಟ್ರೆಸ್ಸು.

ಅವಳು ತನ್ನ ಬಲಗಾಲನ್ನು ನೋಡಿಕೊಂಡಳು. ಅದು ಬ್ರೇಕನ್ನು ತಳದವರೆಗೂ ಒತ್ತಿ ಹಿಡಿದಿತ್ತು. ಬೆಕ್ಕು ನಿಜವೋ, ಮೈದಾನ ನಿಜವೋ ಎಂದು ಕಾಲು ಯಾರನ್ನೂ ಕೇಳಿರಲಿಲ್ಲ. ಮೀನಖಂಡ ನಡುಗುತ್ತಿತ್ತು, ಆ ನಡುಕ ಅಪ್ಪಟ ಅವಳದೇ ಆಗಿತ್ತು.

ಅವಳಿಗೆ ಸೊನ್ನೆ ನೆನಪಾಯಿತು. ಎರಡೂ ಕಣ್ಣಿಗೆ ಸೊನ್ನೆ. ಅಂದರೆ ಅಮ್ಮನ ದನಿ ಹತ್ತಿರವಾದ ಸಂಜೆಗಳು, ಮತ್ತೆ ಕಾರು ಹತ್ತಿದ ಬೆಳಿಗ್ಗೆ, ಹಾಲಿನ ಕೆನೆ ಕಂಡು ಉಕ್ಕಿದ ನಗು, ಯಾವುದನ್ನೂ ಆ ಗಾಜು ಕೊಟ್ಟಿರಲಿಲ್ಲ.

"ಅಳ್ತಿದೀಯಾ?"

"ಇಲ್ಲ ಮಿಸ್. ಇನ್ನೊಂದು ಸುತ್ತು ಹೋಗಿ. ಸ್ವಲ್ಪ ನಿಧಾನ."

*

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಗಡ್ಡ ಬೆಳೆದಿತ್ತು. ಕಂದು ಚೌಕಟ್ಟು ಅವಳು ಬಿಟ್ಟುಹೋದ ಜಾಗದಲ್ಲೇ, ಯಂತ್ರದ ಕೆಳಗೇ ಇತ್ತು.

"ಟೀಚರ್..."

"ನಿಮ್ಮ ಮೇಲೆ ಸಿಟ್ಟು ಇನ್ನೂ ಇದೆ."

"ಇರಲಿ."

"ಇನ್ನೊಂದು ಸಲ ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳಿದ್ರೆ..."

"ಹೇಳಲ್ಲ. ನೀವು ಅತ್ತರೂ ಹೇಳಲ್ಲ. ಪಕ್ಕದಲ್ಲಿ ಕೂತ್ಕೋತೀನಿ, ಅಷ್ಟೇ." ಅವನು ತಡೆದು ಕೇಳಿದ, "ಆ ಗಾಜು... ಹೋಯ್ತಾ?"

"ಪೂರ್ತಿ ಇಲ್ಲ. ಇವತ್ತು ಬೆಳಿಗ್ಗೆಯೂ ಇತ್ತು. ಇರಲಿ ಬಿಡು, ನಮ್ಮನೇನೇ ಅಲ್ವಾ ಅಂದ್ಕೊಂಡೆ. ಎದ್ದು ಹಲ್ಲುಜ್ಜಿದೆ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಅದು ಪೂರ್ತಿ ಹೋದ ಮೇಲೆ ನಿಮ್ಮ ಹತ್ರ ಬರೋಣ ಅಂತಿದ್ದೆ. ಕಾಯೋಕಾಗಲಿಲ್ಲ."

ಅವನ ಕನ್ನಡಕ ಮಂಜಾಯಿತು. ತೆಗೆದು ಒರೆಸಿಕೊಳ್ಳಲು ಬಟ್ಟೆಗೆ ತಡಕಾಡಿದ.

"ಹಾಕ್ಕೋಬೇಡಿ," ಎಂದಳು ಅವಳು. "ಈಗ ನಾನು ಕಾಣ್ತೀನಾ?"

"ಇಲ್ಲ. ಬರೀ ನೀಲಿ ಬಣ್ಣ. ನೀವೇ ಅಂತ ಮಾತ್ರ ಗೊತ್ತು."

ಕನ್ನಡಕವಿಲ್ಲದ ಅವನ ಕಣ್ಣುಗಳನ್ನು ಅವಳು ನೋಡಿದ್ದು ಅದೇ ಮೊದಲು. ಬರಿಗಾಲಿನ ಹಾಗೆ ಮೆತ್ತಗಿದ್ದವು ಅವು. ಅವಳು ಇನ್ನೂ ಹತ್ತಿರ ಬಂದಳು. ತನ್ನ ಹೆಬ್ಬೆರಳನ್ನು ತನ್ನ ಮೂಗಿನ ತುದಿಗಿಟ್ಟು, ಕಿರುಬೆರಳನ್ನು ಅವನ ಮೂಗಿನ ತುದಿಗೆ ಚಾಚಿ, ಸರಿಯಾಗಿ ಒಂದು ಗೇಣು ಅಳೆದಳು.

"ಈಗ?"

ಅವನು ಉಸಿರಾಡುವುದನ್ನೂ ಮರೆತು ನೋಡಿದ.

"ಈಗ ಕಾಣ್ತಿದೀರ," ಎಂದ. "ನಿಮಗೆ?"

ಅವಳು ಪರೀಕ್ಷಿಸಲು ಹೋಗಲಿಲ್ಲ. ಕೈಯನ್ನು ಕೆಳಗಿಳಿಸಿದಳು, ನಡುವೆ ಉಳಿದಿದ್ದ ಗೇಣು ಮೋಟುಗೇಣಾಯಿತು, ಆಮೇಲೆ ಅದೂ ಇರಲಿಲ್ಲ.