ಶ್ಲಾಸ್ ಪದದ ಐದು ಚೀಟಿಗಳು

ಬೆಳಿಗ್ಗೆ ಹತ್ತಕ್ಕೆ ನಿಘಂಟು ಕಚೇರಿಯ ಮೇಜಿನ ಮೇಲಿನ ಟ್ರೇ ನೋಡಿದರೆ—ಖಾಲಿ! ಜರ್ಮನ್ನಿನ ‘ಶ್ಲಾಸ್’ ಎಂಬ ನಾಮಪದದ ಅರ್ಥ, ಆಧಾರಗ್ರಂಥದ ಪುಟಸಂಖ್ಯೆ ಬರೆದಿಟ್ಟ ಐದು ಚೀಟಿಗಳೂ ಮಾಯ. ಹನ್ನೆರಡಕ್ಕೆ ಪುಟ ಅಚ್ಚಿಗೆ ಹೋಗಬೇಕು.

“ಇನ್ಯಾರು? ಈ ಕಸ ಗುಡಿಸೋಳೇ!” ಸಂಪಾದಕರು ಗುಡುಗಿದರು. “ನಾಳೆಯಿಂದ ಬರ್ಬೇಡ.”

“ಹನ್ನೊಂದು ವರ್ಷದಲ್ಲಿ ಒಂದು ಗುಂಡುಸೂಜಿನೂ ಮುಟ್ಟಿಲ್ಲ ಸ್ವಾಮಿ!” ಪೊರಕೆ ಹಿಡಿದ ಕೆಲಸದ ಅಮ್ಮ ಅಳತೊಡಗಿದಳು.

ಕರಡಕ್ಕನಿಗೆ ಮೈ ಉರಿಯಿತು. ಕರಡು ತಿದ್ದುವ ಆಕೆಗೆ ಕಚೇರಿಯೆಲ್ಲ ಇಟ್ಟ ಹೆಸರದು. ಅಲ್ಪವಿರಾಮ ತಪ್ಪಿದರೂ ಬಿಡದ ಹೆಂಗಸು, ಒಬ್ಬಳ ಹೊಟ್ಟೆಪಾಡು ಕಿತ್ತುಕೊಂಡರೆ ಬಿಟ್ಟಾಳೆಯೇ? ಚೀಟಿ ಬರೆದಿದ್ದ ಕಿರಿಯ ಸಂಪಾದಕನತ್ತ ತಿರುಗಿದಳು.

“ಚೀಟೀಲಿ ಏನು ಬರೆದಿದ್ದೆ ತಮ್ಮಾ?”

“ಮೊದಲ ಅರ್ಥ ಬೀಗ ಅಕ್ಕ. ‘ಮುಚ್ಚು’ ಅನ್ನೋ ಕ್ರಿಯಾಪದದಿಂದ ಹುಟ್ಟಿದ್ದು. ಕೋಟೆ, ಅರಮನೆ ಅನ್ನೋ ಅರ್ಥ ಆಮೇಲೆ ಬಂತು.”

“ಸುಳ್ಳು! ಕೋಟೆಯೇ ಮೊದಲು. ಮೂವತ್ತು ವರ್ಷದಿಂದ ಹೇಳ್ತಿದೀನಿ,” ಸಂಪಾದಕರು ಸಿಡುಕಿದರು. “ತಪ್ಪು ಬರೆದು ಹೆದರಿ ಇವನೇ ಬಿಸಾಕಿದಾನೋ ಏನೋ!”

ಕರಡಕ್ಕ ರದ್ದಿ ಚೀಲ ತಂದು ನೆಲಕ್ಕೆ ಸುರಿದಳು. ಮುದ್ದೆಯಾದ ಕಾಗದಗಳ ನಡುವೆ ಐದೂ ಚೀಟಿ ಸಿಕ್ಕವು. ಒಂದನ್ನು ಬಿಡಿಸಿ ಓದಿದವಳ ತುಟಿಯಂಚಿನಲ್ಲಿ ನಗು ಕಾಣಿಸಿತು.

“ಇದನ್ನ ಬರೆದು ಯಾರಿಗೆ ತೋರಿಸಿದೆ?”

“ಯಾರಿಗೂ ಇಲ್ಲ. ನಿನ್ನೆ ಸಂಜೆ ಟ್ರೇಯಲ್ಲಿಟ್ಟು ಮನೆಗೆ ಹೋದೆ.”

“ಯಾವ ಶಾಯಿ?”

“ನೀಲಿ.”

“ಹಾಗಾದ್ರೆ ನೀನು ಬರೆದ ಪುಟಸಂಖ್ಯೆ ಮುನ್ನೂರ ಹನ್ನೆರಡನ್ನ ಹೊಡೆದು, ಮುನ್ನೂರ ಹದಿನೆಂಟು ಅಂತ ಕೆಂಪು ಶಾಯೀಲಿ ತಿದ್ದಿದ್ದು ಯಾರು?”

ಎಲ್ಲರ ಕಣ್ಣೂ ಸಂಪಾದಕರ ಜೇಬಿನ ಮೇಲೆ ಬಿತ್ತು. ಕಚೇರಿಯಲ್ಲಿದ್ದ ಕೆಂಪು ಪೆನ್ನು ಅದೊಂದೇ.

“ಬಿಸಾಕೋ ಚೀಟೀನೂ ತಿದ್ದಿ ಬಿಸಾಕೋ ಕಳ್ಳ ನೀವೊಬ್ರೇ ಸಾರ್! ಪುಟ ಸರಿಯಾ ಅಂತ ಗ್ರಂಥ ತೆಗೆದು ನೋಡಿದೀರಿ. ಬೀಗವೇ ಮೊದಲು ಅಂತ ಅಲ್ಲೇ ಗೊತ್ತಾಗಿದೆ.”

ಸಂಪಾದಕರ ಮುಖ ಇಂಗು ತಿಂದ ಮಂಗನಂತಾಯಿತು. ಕುರ್ಚಿಯಲ್ಲಿ ಕುಸಿದರು.

“ತಪ್ಪು ಕಂಡ್ರೆ ಕೈ ಸುಮ್ನಿರಲ್ಲಮ್ಮ... ಆದ್ರೆ ಇದು ಅಚ್ಚಾದ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?”

“ಅದಕ್ಕೆ ಇವಳ ಅನ್ನಕ್ಕೆ ಕಲ್ಲು ಹಾಕ್ತೀರಾ? ನಾಚಿಕೆ ಆಗ್ಬೇಕು!”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬೀಗವೋ ಕೋಟೆಯೋ, ನಂಗ್ಯಾಕೆ? ನನ್ನ ಕೆಲಸ ಇದ್ಯೋ ಇಲ್ವೋ?”

“ಇದೆ... ತಪ್ಪಾಯ್ತಮ್ಮ.”

“ಹಾಗಾದ್ರೆ ಕಾಲೆತ್ತಿ. ಕುರ್ಚಿ ಕೆಳಗೆ ಗುಡಿಸ್ಬೇಕು.”

ಸಂಪಾದಕರು ಎರಡೂ ಕಾಲು ಎತ್ತಿಕೊಂಡು ಕೂತರು.