ಶೇಖವ್ವನ ಗಂಡನ ಫೋಟೋ

ಇದು ೨೦೦೮ರ ಮಾತು, ನನ್ನ ಕಣ್ಣೆದುರೇ ನಡೆದದ್ದು. ಮಕ್ಕಳನ್ನು ಶಾಲೆಗೆ ಕಳಿಸಿ ಇಳಕಲ್ಲಿನ ನನ್ನ ಡಿಟಿಪಿ ಅಂಗಡಿ ತೆರೆದಿದ್ದೆ. ಎದುರುಮನೆಯ ನೇಕಾರರ ಶೇಖವ್ವ ಪೆನ್‌ಡ್ರೈವ್ ಹಿಡಿದು ಬಂದಳು. ಗಂಡ ತೀರಿಕೊಂಡು ಅಂದಿಗೆ ಹನ್ನೊಂದು ದಿನ.

"ಪೂಜಿಗೆ ಇಡಾಕ ಇವರ ಫೋಟೋ ಬೇಕ ತಂಗಿ. ಲಗೂನ ತಗದು ಕೊಡ, ಅದರ ಮುಂದ ಊಟದ ಎಡಿ ಹಿಡಿಯಾಕ ಮಂದಿ ಕುಂತಾರ."

ಪೆನ್‌ಡ್ರೈವ್, ಪ್ರಿಂಟರ್ ಎರಡೂ ಒಂದೇ ಯುಎಸ್‌ಬಿ ಹಬ್‌ಗೆ, ಹಲವು ವೈರು ಕೂಡಿಸಿ ಕಂಪ್ಯೂಟರಿಗೆ ಕೊಡುವ ಅಂಗೈಯಗಲದ ಡಬ್ಬಿಗೆ, ಸೇರಿದ್ದವು. ಫೋಟೋ ತೆರೆದು ಪ್ರಿಂಟ್ ಕೊಟ್ಟೆ. ಹಬ್‌ನ ಸಂಪರ್ಕ ಪದೇ ಪದೇ ತಪ್ಪುತ್ತ, ತಾನೇ ಮರಳುತ್ತ ಹೋಯಿತು. ಪ್ರತಿಸಲವೂ ಕಂಪ್ಯೂಟರ್ 'ಟುಡುಂ' ಎನ್ನತೊಡಗಿತು. ಕರೆಂಟು ಸಾಲದೇನೋ ಎಂದು ಹಬ್‌ಗೆ ಅಡಾಪ್ಟರ್ ಚುಚ್ಚಿದೆ, ಪೋರ್ಟ್ ಬದಲಿಸಿದೆ.

"ನಿನ್ನ ಡಬ್ಬಿಗೂ ಇವತ್ತ ಉಪಾಸೇನ?" ಎಂದ ಶೇಖವ್ವ ತಟ್ಟನೆ ಸದ್ದಿಗೆ ಕಿವಿಗೊಟ್ಟಳು. ಸದ್ದು ಒಂದು ಲಯಕ್ಕೆ ಬಿದ್ದಿತ್ತು.

"ಯವ್ವಾ! ನಮ್ಮವರು ಹಿಂಗ ನೇಯ್ತಿದ್ರು. ಎಡಗಾಲು ನೋಯ್ತದಂತ ಮಗ್ಗ ಮೂರು ಸಲ ಹೊಡದು ಒಮ್ಮಿ ನಿಲ್ಲಸ್ತಿದ್ರು."

ಅಡಾಪ್ಟರ್ ಕಿತ್ತೆ, ಕಂಪ್ಯೂಟರಿಗೆ ಹೋಗುವ ವೈರನ್ನೂ ಕಿತ್ತೆ. ಕೈಯಲ್ಲಿದ್ದ ಹಬ್ ಬಾವಿನೀರಿನಷ್ಟು ತಣ್ಣಗಿತ್ತು. ಅದರ ದೀಪ ಉರಿಯುತ್ತಲೇ ಇತ್ತು. ಮೂರು ಸದ್ದು, ಒಂದು ಬಿಡುವು; ಮತ್ತೆ ಮೂರು.

ಶೇಖವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಗಂಡನ ಫೋಟೋ ಇದ್ದ ಪರದೆಯತ್ತ ಬಾಗಿದಳು. "ಸಾಕ ಬಿಡ್ರಿ. ಊಟಕ್ಕ ಏಳ್ರಿ, ರೊಟ್ಟಿ ಆರಾಕತ್ತಾವು."

ಸದ್ದು ನಿಂತಿತು. ಪ್ರಿಂಟರ್ ಕಾಗದ ಎಳೆದುಕೊಂಡು ಫೋಟೋ ಹೊರಹಾಕಿತು. ಅವಳು ಅದನ್ನು ಎದೆಗೊತ್ತಿಕೊಂಡು ಓಡಿದಳು.

ಪ್ರಿಂಟರಿನ ವೈರು ಆಗಲೂ ಹಬ್‌ನಲ್ಲೇ ಇತ್ತು. ಕಂಪ್ಯೂಟರಿನಿಂದ ಕಿತ್ತ ಆ ಹಬ್ ನನ್ನ ಅಂಗೈಯಲ್ಲಿತ್ತು.