‘ಹವಳದ ದಾರಿ’ ನೋಡಿ ಜಗಳವಾಡಿದವರು

“ಹೇಡಿ! ಅವನು ಕ್ಯಾಪ್ಟನ್ ಅಲ್ಲ, ಹೇಡಿ!”

ಮೈಕಿನ ಮುಂದೆ ನಿಂತು ಪ್ರಾಪ್ತಿ ಎಷ್ಟು ಜೋರಾಗಿ ಹೇಳಿದಳೆಂದರೆ, ಬಿಜೈಯ ಮಾಲ್‌ನಲ್ಲಿ ಸಿನೆಮಾ ಬಿಟ್ಟು ಹೊರಬರುತ್ತಿದ್ದವರೆಲ್ಲ ಒಮ್ಮೆ ತಿರುಗಿ ನೋಡಿದರು.

‘ಹವಳದ ದಾರಿ’ಯ ಎರಡನೇ ಭಾಗ ಅಂದು ಬಿಡುಗಡೆಯಾಗಿತ್ತು. ಮೊದಲ ಭಾಗ ಬಂದಾಗ ಪ್ರಾಪ್ತಿ ಪಿಯುಸಿಯಲ್ಲಿದ್ದಳು. ಮುಳುಗಿದ ಹಡಗು, ಅದನ್ನು ಹುಡುಕಿ ಹೊರಟ ಕ್ಯಾಪ್ಟನ್, ಕೈಗೆ ಕಟ್ಟಿದ ಹಗ್ಗವನ್ನು ತಾನೇ ಕೊಯ್ದುಕೊಂಡು ಕಡಲಿಗೆ ಹಾರಿ ಅವನನ್ನು ಉಳಿಸುವ ಕಸ್ತೂರಿ... ಆ ದೃಶ್ಯಕ್ಕೆ ಕರಾವಳಿಯೇ ಚಪ್ಪಾಳೆ ತಟ್ಟಿತ್ತು. ಎರಡನೇ ಭಾಗ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾಯುತ್ತ ಅಭಿಮಾನಿಗಳಲ್ಲಿ ಕೆಲವರಿಗೆ ಮಕ್ಕಳೂ ಆಗಿದ್ದವು.

ಕೊನೆಗೂ ಬಂತು. ಬಂದ ಮೇಲೆ ಎಲ್ಲರ ಮುಖದಲ್ಲೂ ಒಂದೊಂದು ಬಣ್ಣ.

ಯೂಟ್ಯೂಬ್ ಚಾನೆಲ್ ನಡೆಸುವ ವಿಲ್ಲಿ ಬಾಗಿಲಲ್ಲೇ ಮೈಕ್ ಹಿಡಿದು ನಿಂತಿದ್ದ.

“ಕ್ಲೈಮ್ಯಾಕ್ಸ್ ಸೂಪರ್ ಮಾರಾಯ, ಮೈ ಜುಂ ಅಂತು!” ಎಂದ ಒಬ್ಬ.

“ಗ್ರಾಫಿಕ್ಸ್ ನೋಡಿದ್ರೆ ಮಕ್ಕಳ ಕಾರ್ಟೂನಿನ ಹಾಗೆ ಉಂಟು,” ಎಂದ ಅವನ ಸ್ನೇಹಿತನೇ.

“ಇದಕ್ಕೆ ಇಷ್ಟು ವರ್ಷ ಕಾಯಬೇಕಿತ್ತಾ?” ಎಂದರು ಕ್ಯಾಪ್ಟನ್ನಿನದೇ ನೀಲಿ ಟೋಪಿ ಹಾಕಿಕೊಂಡು ಬಂದಿದ್ದ ಹಿರಿಯರೊಬ್ಬರು. ಟೋಪಿಯನ್ನು ಮಾತ್ರ ತೆಗೆದಿರಲಿಲ್ಲ.

ಅಷ್ಟರಲ್ಲಿ ಮೈಕ್ ಪ್ರಾಪ್ತಿಯ ಮುಂದೆ ಬಂದಿತ್ತು.

“ಸಮುದ್ರಕ್ಕೆ ಹಾರಿದ ಕಸ್ತೂರಿಯನ್ನು ಇದರಲ್ಲಿ ಎಂತ ಮಾಡಿದ್ದಾರೆ ನೋಡಿದ್ರಾ? ಕೈಯಲ್ಲಿ ಲಾಟೀನು ಕೊಟ್ಟು ದಡದಲ್ಲಿ ನಿಲ್ಲಿಸಿದ್ದಾರೆ! ಸಿನೆಮಾ ಮುಗಿಯುವವರೆಗೂ ಅವಳು ಕಾಯುವುದೇ ಕಾಯುವುದು. ಆ ಕ್ಯಾಪ್ಟನ್‌ಗೋ ನೀರು ಕಂಡರೆ ನಡುಕ ಅಂತೆ! ಹೇಡಿ! ಅವನು ಕ್ಯಾಪ್ಟನ್ ಅಲ್ಲ, ಹೇಡಿ!”

“ನಿಮಗೆ ಸಿನೆಮಾ ಅರ್ಥ ಆಗ್ಲಿಲ್ಲ.”

ಧ್ವನಿ ಪಕ್ಕದಿಂದ ಬಂತು. ಎತ್ತರದ ಗಂಡಸು. ಕುರುಚಲು ಗಡ್ಡ. ಕಣ್ಣುಗಳು ಕೆಂಪಾಗಿದ್ದವು.

“ಎಂತ ಹೇಳಿದ್ರಿ?”

“ಹೆದರಿಕೆ ಆಗ್ತದೆ ಅಂತ ಬಾಯಿಬಿಟ್ಟು ಹೇಳ್ಲಿಕ್ಕೆ ಎಷ್ಟು ಧೈರ್ಯ ಬೇಕು ಅಂತ ನಿಮಗೆ ಗೊತ್ತುಂಟಾ? ಸೀಟಿನಲ್ಲಿ ಕೂತು ಹೇಡಿ ಅನ್ನುವುದು ಸುಲಭ.”

“ಅಯ್ಯೋ! ನೀವು ಅತ್ತಿದ್ದೀರಿ! ಇವರ ಕಣ್ಣು ನೋಡಿ!”

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅವನು ಜನರ ನಡುವೆ ನುಸುಳಿ ಹೊರಟುಹೋದ.

ಗೆದ್ದದ್ದು ತಾನೇ ಎಂದು ಪ್ರಾಪ್ತಿಗೆ ಗೊತ್ತಿತ್ತು. ಆದರೂ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಆ ಕೆಂಪು ಕಣ್ಣುಗಳೇ ನೆನಪಾದವು.

‘ಅಷ್ಟು ಹೇಳಬಾರದಿತ್ತೇನೋ...’

ವಿಡಿಯೊ ಊರೆಲ್ಲ ಸುತ್ತಿತು. “ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ” ಎಂದು ಅರ್ಧ ಜನ. “ಅಣ್ಣನ ಕಣ್ಣೀರಿಗೆ ನನ್ನ ಲೈಕ್” ಎಂದು ಇನ್ನರ್ಧ. ಯಾರೋ ಒಬ್ಬರು, “ಇವರಿಬ್ಬರಿಗೆ ಮದುವೆ ಮಾಡಿಸಿ, ಮೂರನೇ ಭಾಗ ಅದೇ ಆಗಲಿ” ಎಂದೂ ಬರೆದಿದ್ದರು. ಪ್ರಾಪ್ತಿ ಫೋನನ್ನು ಮಗುಚಿ ಇಟ್ಟಳು.

ಅವಳ ಸಿಟ್ಟಿಗೆ ಕಾರಣವಿಲ್ಲದಿರಲಿಲ್ಲ. ಕಸ್ತೂರಿ ಕಡಲಿಗೆ ಹಾರಿದ್ದನ್ನು ಕಂಡೇ ಅವಳು ಈಜು ಕಲಿತದ್ದು. “ಹೆಣ್ಣುಮಕ್ಕಳಿಗೆ ಎಂತಕ್ಕೆ?” ಎಂದ ಅಪ್ಪ ಮೋಹನದಾಸರೊಡನೆ ಊಟ ಬಿಟ್ಟು ಜಗಳವಾಡಿದ್ದಳು. ಈಗ ಕೊಡಿಯಾಲ್‌ಬೈಲಿನ ಕ್ಲಬ್ಬೊಂದರ ಈಜುಕೊಳದಲ್ಲಿ ಅವಳೇ ಕೋಚ್. ಅಂಥ ಕಸ್ತೂರಿಯನ್ನು ದಡದಲ್ಲಿ ನಿಲ್ಲಿಸಿದರೆ ಅವಳಿಗೆ ಹೇಗಾಗಬೇಡ!

ಮುಂದಿನ ವಾರ, ದೊಡ್ಡವರಿಗೆಂದೇ ಇರುವ ಬೆಳಗಿನ ಬ್ಯಾಚಿಗೆ ಹೊಸಬರೊಬ್ಬರು ಸೇರಿದ್ದಾರೆಂದು ಆಫೀಸಿನಿಂದ ಹೇಳಿದರು. ಪ್ರಾಪ್ತಿ ಸೀಟಿ ಕೊರಳಿಗೆ ಹಾಕಿಕೊಂಡು ಹೊರಬಂದಳು.

ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅವನು ನಿಂತಿದ್ದ!

“ನೀವಾ?” ಎಂದಳು ಅವಳು.

“ನೀವಾ?” ಎಂದ ಅವನೂ.

“ಮೊದಲೇ ಪರಿಚಯ ಉಂಟಾ?” ಎಂದರು ನೀರಿನೊಳಗಿಂದ ಗ್ಲ್ಯಾಡಿಸ್ ಬಾಯಿ. ನಿವೃತ್ತ ಟೀಚರ್. ಮಂಡಿನೋವಿಗೆಂದು ಈಜಲು ಬರುತ್ತಿದ್ದರು, ಈಜಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು.

ಅವನ ಹೆಸರು ಯೋಗೀಶ್. ಪ್ರಾಪ್ತಿ ಬೇರೇನೂ ಕೇಳಲಿಲ್ಲ. ಕೆಲಸ ಕೆಲಸವೇ.

“ಇಳಿಯಿರಿ. ಇಲ್ಲಿ ಸೊಂಟದವರೆಗೆ ಮಾತ್ರ ನೀರು.”

ಅವನು ಮೆಟ್ಟಿಲಿಳಿದ. ಎರಡೂ ಕೈಗಳಿಂದ ಕಂಬಿ ಹಿಡಿದ. ಬೆರಳ ಗೆಣ್ಣುಗಳು ಬಿಳಿಚಿದವು.

“ಮುಖ ಮುಳುಗಿಸಿ.”

ಅವನು ಬಗ್ಗಿದ. ನೀರು ಗಲ್ಲಕ್ಕೆ ತಾಗಿದ್ದೇ ತಡ, ಬೆಂಕಿ ತಾಗಿದವನಂತೆ ಎದ್ದು ನಿಂತು ಏದುಸಿರು ಬಿಡತೊಡಗಿದ.

ಈಜು ಬಾರದವರ ಹೆದರಿಕೆ ಪ್ರಾಪ್ತಿಗೆ ಚೆನ್ನಾಗಿ ಗೊತ್ತಿತ್ತು. ಅವರು ಕಿರುಚುತ್ತಾರೆ, ನಗುತ್ತಾರೆ, ನಾಳೆ ಬರುತ್ತೇನೆ ಎನ್ನುತ್ತಾರೆ. ಇದು ಹಾಗಿರಲಿಲ್ಲ. ಇವನು ಯಾವುದನ್ನೋ ನೆನೆದು ಹೆದರುತ್ತಿದ್ದ.

ಅವಳು ಒತ್ತಾಯಿಸಲಿಲ್ಲ. ಮರುದಿನ ಅವನು ಮತ್ತೆ ಬಂದ, ಅದರ ಮರುದಿನವೂ. ಅಂಗೈಯಲ್ಲಿ ನೀರು ತೆಗೆದು ಮುಖಕ್ಕೆ ಹಾಕಿಕೊಳ್ಳುವುದು, ಬಾಯಿಯಿಂದ ಗುಳ್ಳೆ ಬಿಡುವುದು... ಪುಟ್ಟ ಮಕ್ಕಳಿಗೆ ಕಲಿಸುವುದನ್ನೆಲ್ಲ ಅವನು ತಕರಾರಿಲ್ಲದೆ ಮಾಡಿದ. ಅವನ ಹಟ ಅವಳಿಗೆ ಇಷ್ಟವಾಗತೊಡಗಿತ್ತು. ಅದನ್ನು ಅವಳು ಒಪ್ಪಿಕೊಂಡಿರಲಿಲ್ಲ, ಅಷ್ಟೆ.

ಒಂದು ಬೆಳಿಗ್ಗೆ ಕೊಳದ ಅಂಚಿನಲ್ಲಿ ಕುಳಿತಾಗ ಅವಳೇ ಕೇಳಿದಳು.

“ನಿಮಗೆ ಈಜು ಬರ್ತದೆ, ಅಲ್ವಾ?”

ಅವನು ಕಾಲಿನಿಂದ ನೀರು ಕಲಕಿದ.

“ನಾನು ಹಡಗಿನಲ್ಲಿ ಆಫೀಸರ್,” ಎಂದ. “ಕಳೆದ ವರ್ಷ ಲೈಫ್‌ಬೋಟಿನ ಅಭ್ಯಾಸ ಇತ್ತು. ಹಡಗಿನ ಬದಿಯಿಂದ ದೋಣಿ ಇಳಿಸುವಾಗ ಕೊಕ್ಕೆ ತಪ್ಪಿತು. ದೋಣಿ ಮಗುಚಿ ಬಿತ್ತು. ನಾನು ಅದರ ಅಡಿಯಲ್ಲಿ... ಕತ್ತಲೆ. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗ್ಲಿಲ್ಲ. ಹೊರಗೆ ಎಳೆದರು, ಬದುಕಿದೆ. ಈಗ ತಲೆಗೆ ಒಂದು ತಂಬಿಗೆ ನೀರು ಹಾಕಿಕೊಂಡ್ರೂ ಉಸಿರು ಕಟ್ತದೆ.”

ಪ್ರಾಪ್ತಿ ಕೊರಳಿನ ಸೀಟಿ ತೆಗೆದು ಪಕ್ಕಕ್ಕಿಟ್ಟಳು.

“ಮನೆಯಲ್ಲಿ ಹೇಳ್ಲಿಲ್ಲ. ರಜೆ ಅಂತ ಸುಳ್ಳು ಹೇಳ್ತಾ ಇದ್ದೇನೆ. ಆವತ್ತು ಸಿನೆಮಾದಲ್ಲಿ ಕ್ಯಾಪ್ಟನ್ ನೀರಿನ ಹತ್ತಿರ ನಿಂತು, ‘ನನಗೆ ಹೆದರಿಕೆ ಆಗ್ತದೆ’ ಅಂದಾಗ ಹಿಂದಿನ ಸಾಲಿನವರು ಕೂಗಿ ನಕ್ಕರು. ನನಗೆ ಮಾತ್ರ... ಯಾರೋ ನನ್ನ ಬದಲು ಹೇಳಿದ ಹಾಗೆ ಆಯ್ತು.”

ಹೇಡಿ... ತಾನು ಆಡಿದ ಮಾತು ಈಗ ಪ್ರಾಪ್ತಿಯ ಎದೆಯಲ್ಲೇ ಬಂದು ಕುಳಿತಿತು.

“ಯೋಗೀಶ್, ನಾನು ಆವತ್ತು...”

“ಹಲೋ ಫ್ರೆಂಡ್ಸ್! ನೋಡಿ, ಯಾರು ಯಾರ ಜೊತೆ ಇದ್ದಾರೆ!”

ಗೇಟಿನ ಬಳಿ ವಿಲ್ಲಿ! ಕೈಯಲ್ಲಿ ಫೋನ್, ಮುಖದ ತುಂಬ ನಗು.

“ಹವಳದ ದಾರಿ ಜೋಡಿ, ಪಾರ್ಟ್ ಟೂ! ಅಳುವ ಅಣ್ಣನಿಗೆ ಈಗ ಅಕ್ಕನೇ ಟೀಚರ್! ಅಣ್ಣಾ, ನಿಮಗೂ ನೀರು ಕಂಡರೆ ಹೆದರಿಕೆಯಾ?”

ಯೋಗೀಶನ ಮುಖದ ರಕ್ತವೇ ಇಂಗಿಹೋಯಿತು. ಅವನು ನೋಡಿದ್ದು ವಿಲ್ಲಿಯನ್ನಲ್ಲ, ಪ್ರಾಪ್ತಿಯನ್ನು.

“ಇದಕ್ಕೇ ಕೇಳಿದ್ದಾ ನೀವು?”

“ಇಲ್ಲ! ನನಗೆ ಗೊತ್ತೇ ಇಲ್ಲ...”

“ಒಮ್ಮೆ ನಗಿಸಿದ್ದು ಸಾಕಾಗ್ಲಿಲ್ಲ, ಅಲ್ವಾ?”

ಟವೆಲನ್ನೂ ಎತ್ತಿಕೊಳ್ಳದೆ ಅವನು ಹೊರಟುಹೋದ.

ಪ್ರಾಪ್ತಿ ವಿಲ್ಲಿಯ ಬಳಿಗೆ ನಡೆದಳು. ವಿಲ್ಲಿ ಇನ್ನೂ ಚಿತ್ರೀಕರಿಸುತ್ತಲೇ ಇದ್ದ. ಅವಳು ಫೋನನ್ನು ಅವನ ಕೈಯಿಂದ ಕಿತ್ತು, ಕೊಳದ ಆಳದ ಬದಿಗೆ ಎಸೆದಳು.

ಡುಬುಕ್!

“ಅಯ್ಯೋ ನನ್ನ ಫೋನ್!”

“ಈಜು ಬರ್ತದಾ? ಇಳಿದು ತೆಗೀರಿ.”

ಕಂಬಿ ಹಿಡಿದು ನಿಂತಿದ್ದ ಗ್ಲ್ಯಾಡಿಸ್ ಬಾಯಿಯ ಮುಖ ಸಣ್ಣಗಾಗಿತ್ತು.

“ಪ್ರಾಪ್ತಿ... ಬೈಯಬೇಡ ಆಯ್ತಾ. ಹೇಳಿದ್ದು ನಾನು. ವಿಲ್ಲಿ ನನ್ನ ತಂಗಿಯ ಮಗ. ನೀವಿಬ್ಬರೂ ಒಟ್ಟಿಗೆ ಕೂತು ಮಾತಾಡುವುದು ನೋಡಿ ನನಗೆ ಖುಷಿ ಆಗಿತ್ತು. ಅದನ್ನೇ ಮನೆಯಲ್ಲಿ ಹೇಳಿದೆ. ಇವನು ಕ್ಯಾಮರಾ ಹಿಡಿದು ಬರ್ತಾನೆ ಅಂತ ಯಾರಿಗೆ ಗೊತ್ತು!”

ಯೋಗೀಶ್ ಬಿಟ್ಟುಹೋದ ಟವೆಲನ್ನು ಪ್ರಾಪ್ತಿ ಎತ್ತಿಕೊಂಡಳು.

ಮರುದಿನ ಯೋಗೀಶ್ ಬರಲಿಲ್ಲ. ಫೋನ್ ತೆಗೆಯಲಿಲ್ಲ. ‘ಹವಳದ ದಾರಿ’ ಮೂರನೇ ವಾರಕ್ಕೆ ಬರುವಾಗ ಅರ್ಧಕ್ಕರ್ಧ ಆಟಗಳು ಕಡಿಮೆಯಾಗಿದ್ದವು. ಅಭಿಮಾನಿಗಳ ಜಗಳ ಮಾತ್ರ ಕಡಿಮೆಯಾಗಿರಲಿಲ್ಲ. ಪ್ರಾಪ್ತಿಗೆ ಅದನ್ನು ಓದುವ ಮನಸ್ಸೂ ಇರಲಿಲ್ಲ.

‘ಹೋಗಿ ಹೇಳಬೇಕು. ನಂಬಿದರೆ ನಂಬಲಿ, ಬಿಟ್ಟರೆ ಬಿಡಲಿ.’

ಭಾನುವಾರ ಸಂಜೆ ಅವಳು ವಿಳಾಸ ಹುಡುಕಿಕೊಂಡು ಕಂಕನಾಡಿಯ ಅವನ ಮನೆಗೆ ಹೋದಳು. ಬಾಗಿಲು ತೆರೆದವರು ಅವನ ತಾಯಿ ದೇಯಿ. ಅವರ ಕಣ್ಣು ಅತ್ತು ಊದಿತ್ತು.

“ನೀನು ಆ ವಿಡಿಯೊದ ಹುಡುಗಿ ಅಲ್ವಾ? ಬಾ ಒಳಗೆ. ಅವನು ನಿನ್ನೆ ಎಲ್ಲ ಹೇಳಿದ. ಒಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ನೋಡು... ತಾಯಿಗೆ ಹೇಳ್ಲಿಕ್ಕೂ ನಾಚಿಕೆಯಾ?”

ಯೋಗೀಶ್ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಪ್ರಾಪ್ತಿಗೆ ಮರೆತುಹೋದವು.

“ಹೇಡಿ ಅಂದದ್ದು ತಪ್ಪು. ಅದನ್ನು ಹೇಳ್ಲಿಕ್ಕೆ ಬಂದೆ. ನೀವು ನನ್ನ ಕೊಳಕ್ಕೆ ಬಂದ ಮೊದಲ ದಿನವೇ ನನಗೆ ಗೊತ್ತಾಗಬೇಕಿತ್ತು. ಅಷ್ಟು ಹೆದರಿಕೆ ಇಟ್ಟುಕೊಂಡು ದಿನಾ ನೀರಿಗೆ ಇಳಿದವರನ್ನು ನಾನು ನೋಡಿಯೇ ಇಲ್ಲ.”

“ವಿಲ್ಲಿಯನ್ನು...”

“ನಾನು ಕರೆದದ್ದಲ್ಲ. ನನ್ನ ಹತ್ತಿರ ಸಾಕ್ಷಿ ಎಂತದ್ದೂ ಇಲ್ಲ.”

ಅವನು ಅವಳ ಮುಖವನ್ನೇ ನೋಡಿದ.

“ಬೇಡ. ನಂಬ್ತೇನೆ. ಆವತ್ತು ಗೇಟು ದಾಟುವಾಗಲೇ ಅನಿಸಿತ್ತು, ನೀವು ಹಾಗೆ ಮಾಡುವವರಲ್ಲ ಅಂತ. ತಿರುಗಿ ಬರ್ಲಿಕ್ಕೆ ನಾಚಿಕೆ ಆಯ್ತು.”

“ವಿಲ್ಲಿಯ ಫೋನನ್ನು ನೀರಿಗೆ ಹಾಕಿದೆ,” ಎಂದಳು ಪ್ರಾಪ್ತಿ.

“ಎಂತ?!”

“ಆಳದ ಬದಿಗೇ ಹಾಕಿದೆ.”

ಯೋಗೀಶ್ ನಕ್ಕುಬಿಟ್ಟ. ಅವನು ನಕ್ಕದ್ದನ್ನು ಅವಳು ಕಂಡದ್ದು ಅದೇ ಮೊದಲು.

“ನಾಳೆ ಬನ್ನಿ. ಟವೆಲ್ ನನ್ನ ಹತ್ತಿರ ಉಂಟು,” ಎಂದು ಅವಳು ಮೆಟ್ಟಿಲಿಳಿದಳು.

ಅವನು ಬಂದ. ಮಳೆಗಾಲ ಹತ್ತಿರವಾಗುತ್ತಿದ್ದಂತೆ ಮುಖ ಮುಳುಗಿಸಿದ, ತೇಲಿದ, ಕೊಳದ ಉದ್ದಕ್ಕೂ ಈಜಿದ. ಗ್ಲ್ಯಾಡಿಸ್ ಬಾಯಿ ಪ್ರತಿಸಲವೂ ಚಪ್ಪಾಳೆ ತಟ್ಟಿದರು, ಮನೆಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ಈಜಿದ ಮೇಲೆ ಪಕ್ಕದ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ ಇಬ್ಬರೂ ಸಿನೆಮಾದ ಬಗ್ಗೆ ಜಗಳವಾಡುತ್ತಿದ್ದರು. ಅವಳಿಗೆ ಅದು ಕೊನೆಯವರೆಗೂ ಕೆಟ್ಟ ಸಿನೆಮಾವೇ. ಅವನಿಗೆ ಒಳ್ಳೆಯದೇ.

ಮೇ ತಿಂಗಳ ಕೊನೆಯಲ್ಲಿ ಒಂದು ದಿನ ಅವನು ಆಳದ ಬದಿಯಲ್ಲಿ ಮುಳುಗಿ, ತಳ ಮುಟ್ಟಿ, ಮೇಲೆ ಬಂದ. ಉಸಿರು ಸರಿಯಾಗಿತ್ತು. ಕಂಬಿ ಹಿಡಿಯದೆ, ನೀರಿನಲ್ಲೇ ನಿಂತು ಹೇಳಿದ.

“ಕಂಪೆನಿಯಿಂದ ಕರೆ ಬಂದಿದೆ. ಹೋಗ್ತೇನೆ ಅಂದೆ.”

ಪ್ರಾಪ್ತಿಗೆ ಎದೆಯಲ್ಲಿ ಏನೋ ಕಳಚಿದಂತಾಯಿತು. ಕಲಿಸಿದ್ದು ಇದಕ್ಕೇ ಅಲ್ಲವೇ? ಹಾಗಾದರೆ ಸಂತೋಷ ಏಕೆ ಆಗುತ್ತಿಲ್ಲ?

“ಒಳ್ಳೆಯದಾಯ್ತು,” ಎಂದಳು, ಎತ್ತಲೋ ನೋಡುತ್ತ.

“ಪ್ರಾಪ್ತಿ, ನನಗೆ ನೀವು ಬೇಕು. ಇದನ್ನು ಹೇಳ್ಲಿಕ್ಕೆ ನೀರಿಗಿಂತ ಹೆಚ್ಚು ಹೆದರಿಕೆ ಆಗಿತ್ತು.”

ಅವಳು ತಟ್ಟನೆ ತಿರುಗಿದಳು. ಕಣ್ಣು ತುಂಬಿತ್ತು. ಕೋಪವೂ ಇತ್ತು.

“ನನಗೂ ನೀವು ಬೇಕು! ಆದರೆ ನಾನು ದಡದಲ್ಲಿ ನಿಂತು ಕಾಯುವವಳಲ್ಲ. ಅದು ನನ್ನಿಂದ ಆಗ್ಲಿಕ್ಕಿಲ್ಲ. ಈಗಲೇ ಹೇಳ್ತೇನೆ.”

“ಕಾಯಿರಿ ಅಂತ ನಾನು ಹೇಳಿದೆನಾ?” ಅವನು ಅಂಚಿಗೆ ಈಜಿ ಬಂದ. “ಇಲ್ಲಿ ನಿಮಗೆ ನಿಮ್ಮ ಕೆಲಸ ಉಂಟು, ನಿಮ್ಮ ಬ್ಯಾಚು ಉಂಟು. ನಾನು ರಜೆ ಸಿಕ್ಕಿದಾಗ ಬರ್ತೇನೆ. ಮತ್ತೆ ಹಡಗಿಗೆ ಆಫೀಸರನ ಹೆಂಡತಿಯೂ ಬರಬಹುದು. ಮಳೆಗಾಲದಲ್ಲಿ ಹೇಗೂ ಕೊಳಕ್ಕೆ ರಜೆ.”

“ಹೆಂಡತಿ? ಅಷ್ಟು ದೂರ ಹೋದ್ರಾ? ಅಪ್ಪನ ಹತ್ತಿರ ಕೇಳಿದ್ರಾ?”

“ಮೊದಲು ನಿನ್ನ ಹತ್ತಿರ ಕೇಳ್ತಾ ಇದ್ದೇನೆ.”

‘ನಿನ್ನ’... ಆ ಒಂದು ಮಾತಿಗೆ ಅವಳ ಕೋಪವೆಲ್ಲ ಕರಗಿತು. ಅಂಚಿನಲ್ಲಿ ಕುಳಿತು, ಅವನ ಒದ್ದೆ ಕೂದಲನ್ನು ಹಣೆಯಿಂದ ಸರಿಸಿದಳು.

“ಅಪ್ಪ ಸುಲಭದಲ್ಲಿ ಒಪ್ಪುವುದಿಲ್ಲ. ಊಟ ಬಿಟ್ಟು ಜಗಳ ಮಾಡ್ಬೇಕಾಗ್ತದೆ.”

“ಇಬ್ಬರೂ ಸೇರಿ ಬಿಡುವ. ನೀನು ಹೇಳು, ಎಂತ?”

“ಮೇಲೆ ಬಾ ಮಾರಾಯ. ಹಸಿವಾಗ್ತಾ ಉಂಟು... ನಾಳೆಯಿಂದ ಇಬ್ಬರೂ ಊಟ ಬಿಡ್ಲಿಕ್ಕುಂಟಲ್ಲ, ಇವತ್ತಾದ್ರೂ ಊಟ ಮಾಡುವ.”